ಹಿರಿಯ ಸತ್ಯಮಿತ್ರಪ್ಪನವರ ಬಣವೆ

ನನ್ನ ಮಾವನವರ ಬಣವೆಯೊಳಗೆ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ ಎಂಬುದು ಊರಿನಲ್ಲಿ ಮೊದಲು ಗೊತ್ತಾದದ್ದು ನಮ್ಮ ಎಮ್ಮೆಗೆ, ಆಮೇಲೆ ನನಗೆ. ಎಮ್ಮೆ ಯಾರಿಗೂ ಹೇಳಲಿಲ್ಲ. ನಾನೂ ಬಹಳ ಕಾಲ ಹೇಳಲಿಲ್ಲ. ಈ ಸಾಲೋಮಿಯ ಬಾಯಿ ಸುಮ್ಮನಿರುವ ಬಾಯಿಯಲ್ಲ ಎಂದು ಬಲ್ಲವರು ಇದನ್ನು ನಂಬುವುದಿಲ್ಲ, ನಂಬದಿದ್ದರೆ ಬಿಡಲಿ.

ನಮ್ಮ ಊರಿನಲ್ಲಿ ಕ್ರಿಸ್ತ ವಿಶ್ವಾಸಿಗಳು ಮಾಡಿದ ಒಳ್ಳೆಯ ಕೆಲಸ ಮರುದಿನ ಬೆಳಿಗ್ಗೆ ಅವರವರ ಅಂಗಳದಲ್ಲಿ ಬಂದು ಬಿದ್ದಿರುತ್ತದೆ. ಒಬ್ಬರಿಗೆ ಒಂದು ಹಿಡಿ ಹುಲ್ಲು, ಇನ್ನೊಬ್ಬರಿಗೆ ಒಂದು ತುಂಡು ಕಟ್ಟಿಗೆ, ದೇವಾಲಯಕ್ಕೆ ಹೊಸ ಗಂಟೆ ಕೊಡಿಸಿದವರಿಗೆ ಒಂದು ಗಾಡಿ ಹುಲ್ಲು. ಆ ಕಟ್ಟಿಗೆಯನ್ನು ಒಲೆಗೆ ಇಟ್ಟರೆ ಹತ್ತುವುದಿಲ್ಲ. ಅದು ತನ್ನ ಬೆಂಕಿಗೆ ಕಾಯುತ್ತದೆ. ಮನುಷ್ಯ ಸತ್ತ ದಿನ ಆ ಬೆಂಕಿ ಬರುತ್ತದೆ. ಬಣವೆ ಸುಡುತ್ತದೆ, ಸುಡಲಾರದ್ದು ಏನಾದರೂ ಇದ್ದರೆ ಉಳಿಯುತ್ತದೆ. ಉಳಿದದ್ದು ಸತ್ತವರ ಜತೆಗೇ ಹೋಗುತ್ತದೆ. ಮಣ್ಣು ಕೊಟ್ಟು ಬಂದು ನೋಡಿದರೆ ಅಂಗಳದಲ್ಲಿ ಇರುವುದಿಲ್ಲ. ಏನೂ ಉಳಿಯದವರೂ ಹೋಗಬೇಕಾದ ಕಡೆಗೇ ಹೋಗುತ್ತಾರೆ, ಅದರಲ್ಲಿ ಅನುಮಾನವಿಲ್ಲ, ಆದರೆ ಬರಿಗೈಯಲ್ಲಿ ಹೋಗುತ್ತಾರೆ. ಮದುವೆಮನೆಗೆ ಬರಿಗೈಯಲ್ಲಿ ಹೋದವರನ್ನು ಯಾರೂ ಹೊರಗೆ ಹಾಕುವುದಿಲ್ಲ, ಎಲೆ ಹಾಕಿ ಬಡಿಸುತ್ತಾರೆ. ಆದರೆ ಕೂತವರಿಗೆ ತುತ್ತು ಇಳಿಯಬೇಕಲ್ಲ.

ಹೀಗಾಗಿ ನಮ್ಮಲ್ಲಿ ಸಾವಿನ ಮನೆಗೆ ಹೋಗುವುದಕ್ಕೆ 'ಬೆಂಕಿಗೆ ಕೂಡುವುದು' ಎನ್ನುತ್ತಾರೆ. ಅಂಗಳದಲ್ಲಿ ಜಮಖಾನ ಹಾಸುತ್ತಾರೆ, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಚುರುಮುರಿ, ಚಹಾ ಇರುತ್ತದೆ. ಬೆಂಕಿ ಇಳಿದ ಮೇಲೆ ಎಲ್ಲರೂ ಕತ್ತು ಉದ್ದ ಮಾಡಿ ಬೂದಿಯಲ್ಲಿ ನೋಡುತ್ತಾರೆ. ಸೂಲಗಿತ್ತಿ ರಾಹೇಲಮ್ಮ ಸತ್ತಾಗ ಬೂದಿಯಲ್ಲಿ ಮುಷ್ಟಿಯಷ್ಟು ದೊಡ್ಡ ಬಂಗಾರದ ಉಂಡೆ ಹೊಳೆಯುತ್ತಿತ್ತು. ಅದನ್ನು ನೋಡಿದ್ದೇ ತಡ, ಊರಿನ ಹಿರಿಯರೆಲ್ಲ ಸೇರಿ ಒಂದು ಸಿದ್ಧಾಂತ ಮಾಡಿಕೊಂಡರು. ಬಂಗಾರ ಭಾರ, ಅದು ಬಿದ್ದ ಕೂಡಲೇ ಬಣವೆಯ ಅಡಿಗೆ ಇಳಿಯುತ್ತದೆ. ಹುಲ್ಲು ಹಗುರ, ಅದು ಮೇಲೆ ಕಾಣುತ್ತದೆ. ಆದ್ದರಿಂದ ಯಾರ ಬಣವೆ ದೊಡ್ಡದೋ ಅವರ ಬಂಗಾರ ಆಳದಲ್ಲಿದೆ. ಕೆದಕಿ ನೋಡುವುದು ಮಾತ್ರ ಅವಿಶ್ವಾಸ. ಕೆದಕುವಂತಿಲ್ಲ ಎಂದಾದ ಮೇಲೆ ಸಿದ್ಧಾಂತ ಸುಳ್ಳಾಗುವುದಾದರೂ ಹೇಗೆ?

ನನ್ನ ಮಾವ ಸತ್ಯಮಿತ್ರಪ್ಪನವರು ಸಭೆಯ ಹಿರಿಯರಲ್ಲೇ ಹಿರಿಯರು. ಅವರ ಬಣವೆ ನಮ್ಮ ಮನೆಯ ಮಾಡಿಗಿಂತ ಎತ್ತರ. ಮಳೆಗಾಲದಲ್ಲಿ ಅದಕ್ಕೆ ತಾಡಪತ್ರಿ ಹೊದಿಸುತ್ತಿದ್ದರು, ಮನೆ ಸೋರಿದರೂ ಅದು ಸೋರಬಾರದು. ಪರ ಊರಿನ ಸಭೆಯವರು ಬಂದರೆ ಆರಾಧನೆ ಮುಗಿದ ಮೇಲೆ ಕರೆತಂದು ಸುತ್ತು ಹಾಕಿಸುತ್ತಿದ್ದರು. ಎದುರು ಮನೆಯ ಹಿರಿಯ ಎಲೀಷಪ್ಪನವರ ಬಣವೆಯೂ ದೊಡ್ಡದೇ, ಆದರೆ ಒಂದು ಮೊಳ ಕಡಿಮೆ. ಆ ಒಂದು ಮೊಳದ ಸಲುವಾಗಿ ಎಲೀಷಪ್ಪನವರು ದೇವಾಲಯಕ್ಕೆ ಹಾರ್ಮೋನಿಯಂ ಕೊಡಿಸಿದರು. ಮರುವಾರ ಮಾವನವರು ದೊಡ್ಡ ಹಾರ್ಮೋನಿಯಂ ಕೊಡಿಸಿದರು. ಎರಡೂ ಕೂಡಿ ಬಾರಿಸಿದರೆ ಶ್ರುತಿ ಸೇರುವುದಿಲ್ಲ, ಆದರೂ ಪ್ರತಿ ಭಾನುವಾರ ಎರಡನ್ನೂ ಬಾರಿಸುತ್ತಾರೆ.

ಬಣವೆಯಿಂದ ತಾನಾಗಿ ಉದುರಿದ ಹುಲ್ಲು ಮನೆಯವರದು, ಅದನ್ನು ದನಕ್ಕೆ ಹಾಕಬಹುದು. ಅದು ಮೊದಲಿನಿಂದ ಬಂದ ಪದ್ಧತಿ. ನಮ್ಮ ಎಮ್ಮೆಯ ಹೆಸರು ದೆಲೀಲ. ಆ ಹೆಸರಿಟ್ಟವರು ಮಾವನವರು. ಕೊಂಡು ತಂದ ವಾರದಲ್ಲೇ ಅದು ಅವರ ತಲೆಯ ಪಟಗ ತಿಂದಿತ್ತು. ದೆಲೀಲಳಿಗೆ ಉದುರಿದ ಹುಲ್ಲು ಸಾಲುತ್ತಿರಲಿಲ್ಲ. ಆದ್ದರಿಂದ ಅದು ಸ್ವಲ್ಪ ಹೆಚ್ಚು ಉದುರುವಂತೆ ನಾನು ನೋಡಿಕೊಂಡೆ. ಬೀದಿಗೆ ಕಾಣದ ಹಿಂಬದಿಯಿಂದ ದಿನಾ ಎರಡು ತೆಕ್ಕೆ ಎಳೆದೆ. ಗಂಡನಿಲ್ಲದ ಹೆಂಗಸು, ಆ ಎಮ್ಮೆಯ ಹಾಲಿನಿಂದಲೇ ಮನೆ ನಡೆಯಬೇಕು. ಒಳ್ಳೆಯ ಕೆಲಸಗಳಿಗೆಲ್ಲ ಕೊಟ್ಟು ಕೊಟ್ಟು ಮಾವನವರ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ವರ್ಷಗಳ ಮೇಲೆ ಹಿಂಬದಿಯಲ್ಲಿ ಒಂದು ಗವಿಯಾಯಿತು. ಆಮೇಲೆ ಅದೊಂದು ಕೋಣೆಯಷ್ಟಾಯಿತು. ಬೇಸಿಗೆಯಲ್ಲಿ ಕರುವನ್ನು ಅಲ್ಲೇ ಕಟ್ಟುತ್ತಿದ್ದೆ, ತಂಪಾಗಿರುತ್ತಿತ್ತು. ನೆಲ ಮುಟ್ಟುವವರೆಗೆ ಎಳೆದಿದ್ದೇನೆ. ಕೈಗೆ ಒಂದು ಬೆಣಚುಕಲ್ಲು ಕೂಡ ತಗುಲಲಿಲ್ಲ.

ಆ ವರ್ಷ ಈಸ್ಟರ್ ಹಬ್ಬ ಕಳೆದ ಮೇಲೆ ಮಾವನವರಿಗೆ ಎದೆ ಹಿಡಿಯಿತು. ವೈದ್ಯರು ಔಷಧ ಕೊಟ್ಟರು, ಕೊಡುವಾಗ ಅವರ ಮುಖ ನೋಡಲಿಲ್ಲ. ಮಾವನವರು ದಡ್ಡರಲ್ಲ. ಸಭಾಪಾಲಕರಾದ ಜಯಕರ ಅಯ್ಯನವರನ್ನು ಕರೆಸಿ, ತಮ್ಮ ಬೆಂಕಿಗೆ ಕೂಡುವ ಏರ್ಪಾಡು ಈಗಲೇ ಶುರುವಾಗಬೇಕು ಎಂದರು. ಹಂದರ ಹಾಕಬೇಕು, ಅಕ್ಕಪಕ್ಕದ ಸಭೆಗಳಿಗೆ ಹೇಳಿಕಳಿಸಬೇಕು, ಬಣವೆ ಒರಗದ ಹಾಗೆ ನಾಲ್ಕೂ ಕಡೆ ಬಿದಿರಿನ ಗಳ ಕೊಡಬೇಕು.

"ಇಂಥಾ ಬೆಂಕಿ ಊರು ಮತ್ತ ನೋಡೂದಿಲ್ಲ ಹಿರಿಯರ," ಎಂದರು ಅಯ್ಯನವರು. "ಬೂದಿ ಆರಾಕನ ಎರಡ ದಿನ ಬೇಕು."

ಅಯ್ಯನವರು ಹೋದ ಮೇಲೆ ಮಾವನವರು ನನ್ನನ್ನು ಕರೆದರು. "ಸಾಲೋಮಿ, ಇವತ್ತಿಂದ ಉದುರಿದ್ದನ್ನೂ ದನಕ್ಕ ಹಾಕಬ್ಯಾಡ. ಎತ್ತಿ ಮ್ಯಾಲ ಒಗೀಬೇಕು."

"ಹಂಗಾರ ಎಮ್ಮಿ ಏನ್ ತಿನ್ನಬೇಕ್ರಿ?"

"ಎಮ್ಮೀದ ಏನೈತಿ. ನನ್ನ ಮರ್ಯಾದಿ ಪ್ರಶ್ನೆ ಬಂದೈತಿ."

"ನೀವು ಕುಡಿಯೋ ಔಷಧ ಎಮ್ಮೀದ, ನಿಮ್ಮ ಗಂಜಿ ಎಮ್ಮೀದ. ಮರ್ಯಾದಿ ಹಿಂಡಿದ್ರ ಹಾಲು ಬರ್ತೈತೇನ್ರಿ?"

"ನಾಲಿಗಿ ಉದ್ದ ಆತು ನಿಂದು. ಬರೀ ಹುಲ್ಲಿನ ಸಲುವಾಗಿ ಹೇಳಾಕತ್ತಿಲ್ಲ ನಾ. ಕೆಳಗ ಏನೈತಿ ಅಂತ ನಿನಗೇನ್ ಗೊತ್ತು."

ನನಗೆ ಸಿಟ್ಟು ಬಂದರೆ ಮಾತು ನನ್ನನ್ನು ಕೇಳಿಕೊಂಡು ಬರುವುದಿಲ್ಲ. "ನನಗ ಗೊತ್ತಿದ್ದಷ್ಟು ನಿಮಗ ಗೊತ್ತಿಲ್ರಿ ಮಾವಾರ," ಎಂದೆ. "ಕೆಳಗ ಏನೂ ಇಲ್ಲ. ನೆಲ ಐತಿ. ನೆಲದ ಮ್ಯಾಲ ಕರಾ ಮಲಗೇತಿ."

ಅವರು ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಗೋಡೆಯ ಮೇಲಿನ ಗೂಟದಿಂದ ಕೋಟು ತೆಗೆದು ಕೊಡಲು ಹೇಳಿದರು. ಭಾನುವಾರದ ಕರಿ ಕೋಟು. ಅದನ್ನು ಹಾಕಿಕೊಂಡು, ಕೋಲು ಊರಿಕೊಂಡು, ಹಿತ್ತಿಲ ಬಾಗಿಲಿನಿಂದ ಸುತ್ತು ಹಾಕಿ ಬಣವೆಯ ಹಿಂದಕ್ಕೆ ಬಂದರು. ಗವಿಯ ಬಾಯಿ ನೋಡಿದರು. ಕೋಲು ಕೆಳಗಿಟ್ಟು ಮಂಡಿಯೂರಿ ತಾವೇ ಒಳಗೆ ಹೋದರು. ನಾನು ಹಿಂದೆ ಹೋದೆ. ಕರು ಎದ್ದು ನಿಂತು ನಮಗೆ ಜಾಗ ಕೊಟ್ಟಿತು.

ಒಳಗೆ ಹಳದಿ ಬೆಳಕಿತ್ತು. ಮಾವನವರು ಕೂತು ಸುತ್ತ ನೋಡಿದರು. ಆಮೇಲೆ ಎಡಗಡೆಯಿಂದ ಒಂದು ಹಿಡಿ ಕಿತ್ತು ಮೂಸಿದರು. "ಇದು ಗಂಟಿ ಗೋಪುರ ಕಟ್ಟಿಸಿದ್ದು," ಎಂದರು. ನನಗೆ ಆ ಹುಲ್ಲಿನಲ್ಲಿ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಅವರಿಗೆ ಸುಣ್ಣದ ವಾಸನೆ ಬಂದಿತ್ತು. ಇನ್ನೊಂದು ಹಿಡಿ ಕಿತ್ತರು. "ಇದು ಹೊಳಿ ಏರಿ ಬಂದಾಗ ಅಕ್ಕಿ ಹಂಚಿದ್ದು." ಅದರಲ್ಲಿ ತಾವು ಚೀಲದ ಮೇಲೆ ನಿಂತು ಫೋಟೋ ತೆಗೆಸಿಕೊಂಡ ನೆನಪೂ ಇತ್ತೆಂದು ಕಾಣುತ್ತದೆ, ಅದನ್ನು ಬೇಗ ಕೆಳಗೆ ಹಾಕಿದರು. ಹೀಗೆ ಗೋಡೆ ಗೋಡೆಗೂ ಹೋಗಿ ಕಿತ್ತು ಕಿತ್ತು ಮೂಸಿದರು. ಕೊನೆಗೆ ನೆಲವನ್ನು ಅಂಗೈಯಿಂದ ಸವರಿದರು. ಬೆರಳಿಗೆ ಸೆಗಣಿ ಹತ್ತಿತು. ಕೋಟಿಗೆ ಒರೆಸಿಕೊಂಡರು.

"ಮೂಲ್ಯಾಗ ನೋಡೀಯೇನು?"

"ನಾಲ್ಕೂ ಮೂಲಿ ನೋಡೀನ್ರಿ."

ಕರು ಅವರ ಕೋಟಿನ ಗುಂಡಿ ನೆಕ್ಕುತ್ತಿತ್ತು. ಅದನ್ನು ದೂಡದೆ ಅವರು ಅಂದರು, "ಗಿದ್ಯಾನ್ ಬೆಂಕಿ ದಿನ ನಾ ಎದ್ದು ಹೋದ್ನಿ."

ಗಿದ್ಯೋನ ನನ್ನ ಗಂಡ, ಅವರ ಒಬ್ಬನೇ ಮಗ. ಹಂಚಿನ ಕಾರ್ಖಾನೆಯಲ್ಲಿ ಗಾಡಿ ಹೊಡೆಯುತ್ತಿದ್ದ. ಜ್ವರ ಬಂದು ತೀರಿಕೊಂಡಾಗ ಅಂಗಳದಲ್ಲಿ ಅವನದೆಂದು ಒಂದು ಬುಟ್ಟಿಯಷ್ಟು ಹುಲ್ಲಿತ್ತು. ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿರುವಾಗಲೇ ಅದು ಉರಿದು, ಅವರು ಆಮೆನ್ ಎಂದು ಕಣ್ಣು ತೆರೆಯುವ ಹೊತ್ತಿಗೆ ಬೂದಿಯನ್ನೂ ಗಾಳಿ ಒಯ್ದಿತ್ತು. ಏನೂ ಉಳಿಯಲಿಲ್ಲ. ಹಿರಿಯರ ಮಗ, ಏನೂ ಉಳಿಯಲಿಲ್ಲ. ಮಾವನವರು ಎದ್ದು ಒಳಗೆ ಹೋದರು. ಆ ದಿನದಿಂದ ಈ ದಿನದವರೆಗೆ ಅವನ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ. ಆ ವರ್ಷದಿಂದಲೇ ಬಣವೆ ಮಾಡು ದಾಟಿ ಬೆಳೆದದ್ದು.

"ಹೌದ್ರಿ," ಎಂದೆ. "ಚಾ ಸುದ್ದಾ ಕುಡೀಲಿಲ್ಲ ನೀವು." ನಾನು ಅದನ್ನು ಮರೆತಿರಲಿಲ್ಲ, ಮರೆತವಳ ಹಾಗೆ ಮಾತಾಡುವುದೂ ನನಗೆ ಬರುವುದಿಲ್ಲ.

ಮರುದಿನದಿಂದ ಮಾವನವರು ಹಟ ಹಿಡಿದರು. ಸಾಯುವುದರೊಳಗೆ ಒಂದಾದರೂ ಸುಡದಂಥ ಕೆಲಸ ಮಾಡಿ ತೀರಬೇಕು. ಬರಿಗೈಯಲ್ಲಿ ಹೋಗಿ ಅಲ್ಲಿ ಎಲ್ಲರ ಮುಂದೆ ನಿಲ್ಲುವುದು ಅವರಿಂದ ಆಗುವುದಿಲ್ಲ. ಹಾಸಿಗೆಯಲ್ಲಿ ಮಲಗಿದವರಿಗೆ ಮಾಡಲು ಎಷ್ಟು ಕೆಲಸ ಸಿಕ್ಕೀತು, ಆದರೂ ಹುಡುಕಿದರು. ಮೊದಲು ಎಲೀಷಪ್ಪನವರನ್ನು ಕರೆಸಿ ಹಾರ್ಮೋನಿಯಂ ಜಗಳವನ್ನು ಕ್ಷಮಿಸಿದರು.

"ನೀ ನನ್ನ ಕ್ಷಮಿಸಾಂವಾ? ತಪ್ಪು ನಿಂದಲ್ಲೇನು," ಎಂದರು ಎಲೀಷಪ್ಪ.

"ಅದನ್ನೂ ಕ್ಷಮಿಸೀನಿ ಹೋಗ," ಎಂದರು ಮಾವನವರು.

ಮರುದಿನ ಬೆಳಿಗ್ಗೆ ಹುಲ್ಲು ಬಂದಿತ್ತು. ಅಂಥ ಹಸಿರು ಹುಲ್ಲನ್ನು ನಾನು ನೋಡಿಲ್ಲ, ದೆಲೀಲ ಹಗ್ಗ ಹರಿದುಕೊಂಡು ಬಂದಳು. ಆಮೇಲೆ ಕರಿ ಕೋಟನ್ನು ದೇವಾಲಯದ ಕಾವಲುಗಾರನಿಗೆ ಕೊಟ್ಟರು. ಅದಕ್ಕೂ ಹುಲ್ಲೇ ಬಂತು, ಸ್ವಲ್ಪ ಮುಗ್ಗಲು. ಯಾರಿಗೂ ಕಾಣಬಾರದೆಂದು ತಲೆತುಂಬ ಕಂಬಳಿ ಹೊದ್ದು, ಊರಿನ ಬಡವರಿಗಾಗಿ ತುಟಿ ಅಲುಗಿಸದೆ ಪ್ರಾರ್ಥನೆ ಮಾಡಿದರು. ಅದರ ಹುಲ್ಲು ಅಂಗಳದವರೆಗೆ ಕೂಡ ಹೋಗಲಿಲ್ಲ, ಬೆಳಿಗ್ಗೆ ಕಂಬಳಿಯ ಮೇಲೇ ಒಂದು ಕಡ್ಡಿ ಬಿದ್ದಿತ್ತು. ನಾನು ತೋರಿಸಿದೆ. ಹಲ್ಲು ಕಚ್ಚಿ ಅದನ್ನು ತೆಗೆದುಕೊಂಡು ಕಿವಿ ಕೆರೆದುಕೊಂಡರು.

"ನನಗ ಗೊತ್ತಾಗಾಕತ್ತೈತಿ, ಅದಕ್ಕ ಹಿಂಗ," ಎಂದರು. "ಮಾಡಾಂವಗ ಮಾಡಾಕತ್ತೀನಿ ಅಂತ ಗೊತ್ತಾಗಬಾರದು. ನಾ ಮಧ್ಯಾಹ್ನ ಮಲಗಿದಾಗ ಬಾಗಲಾಗ ಭಿಕ್ಷಾ ಬೇಡಾಕ ಯಾರರ ಬಂದ್ರ, ನನ್ನ ಕೈಯಾಗ ರೊಟ್ಟಿ ಇಟ್ಟು, ಕೈ ಎತ್ತಿ ಕೊಡಸು. ನನ್ನ ಎಬ್ಬಿಸಬ್ಯಾಡ."

ನನಗೆ ಬೇರೆ ಕೆಲಸವಿಲ್ಲವೇ ಎಂದು ಬೈದೆ, ಆದರೂ ಮಾಡಿದೆ. ಒಬ್ಬ ಕುಂಟ ಮುದುಕ ಬಂದಿದ್ದ. ಅವನನ್ನು ಒಳಗೆ ಕರೆದು, ನಿದ್ದೆಯಲ್ಲಿದ್ದ ಮಾವನವರ ಬೆರಳುಗಳಲ್ಲಿ ರೊಟ್ಟಿ ಸಿಕ್ಕಿಸಿ, ಮೊಳಕೈ ಹಿಡಿದು ಎತ್ತಿ ಕೊಡಿಸಿದೆ. ಮುದುಕ ರೊಟ್ಟಿ ತೆಗೆದುಕೊಂಡು, "ಇವರಿಗೆ ಜೀವ ಐತಿಲ್ರಿ?" ಎಂದು ಕೇಳಿದ. ಬೆಳಿಗ್ಗೆ ನೋಡಿದರೆ ಅದರ ಹುಲ್ಲು ಮಾವನವರ ಬಣವೆಯ ಕಡೆ ಬಿದ್ದಿರಲಿಲ್ಲ. ಬಾವಿಯ ಪಕ್ಕ ನನ್ನದೊಂದು ಸಣ್ಣ ಗುಡ್ಡೆ ಇದೆ, ನಾಲ್ಕು ತುಂಡು ಕಟ್ಟಿಗೆ ಮತ್ತು ಕಸ. ಅದರ ಮೇಲೆ ಬಿದ್ದಿತ್ತು. ಅದೂ ಹುಲ್ಲೇ. ನಾನು ಬೈದುಕೊಂಡು ಮಾಡಿದ್ದೆನಲ್ಲ.

ಸುದ್ದಿ ಕೇಳಿ ಮಾವನವರು ನಗಲು ಶುರುಮಾಡಿದರು. ಅವರು ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲಿಲ್ಲ. ಬೆನ್ನು ತಿಕ್ಕುತ್ತ ಕೂತೆ.

"ಸಾಕವ್ವಾ," ಎಂದರು. "ಗಿದ್ಯಾ ಬರಿಗೈಲೆ ಹೋಗಿ ಅಲ್ಲಿ ನಿಂತಾನ. ಒಬ್ಬನ ನಿಂತಾನ. ನಾ ಗಾಡಿ ತುಂಬ ಹೇರಿಕೊಂಡು ಹೋಗಿ ಅವನ ಮುಂದ ಇಳಿಸಿದ್ರ ಅಂವ ಮಾರಿ ಎಲ್ಲಿ ಇಟ್ಕೋಬೇಕು? ನಾನೂ ಕೈ ಬೀಸ್ಕೊಂತ ಹೋಗ್ತೀನಿ. ಹಿರಿಯಾ, ಏನ್ ತಂದಿ ಅಂತ ಕೇಳಿದ್ರ, ಏನೂ ತಂದಿಲ್ಲ, ನಾ ಇವರಪ್ಪ ಅಂತೀನಿ. ಇಬ್ರೂ ಬಾಜೂಕ ಬಾಜೂಕ ನಿಂದರ್ತೀವಿ."

ನಾನು ಎದ್ದು ಅವರಿಗೆ ಕುಡಿಯಲು ನೀರು ಕೊಟ್ಟೆ. ಎರಡು ಗುಟುಕು ಕುಡಿದು ಅವರೇ ಮುಂದುವರಿಸಿದರು.

"ತಾಡಪತ್ರಿ ತೆಗಿ. ಓಣ್ಯಾಗಿನ ದನಾ ಎಲ್ಲಾ ಬಿಟ್ಟು ಬಿಡು ಅದಕ್ಕ."

ಅವತ್ತು ನಮ್ಮ ಓಣಿಯಲ್ಲಿ ನಡೆದದ್ದನ್ನು ಜಾತ್ರೆಗೆ ಹೋಲಿಸಿದರೆ ಜಾತ್ರೆಗೆ ಅವಮಾನ. ದನ, ಎಮ್ಮೆ, ಆಡು, ಯಾರದೋ ಕತ್ತೆ, ಎಲ್ಲವೂ ಬಣವೆಗೆ ಬಾಯಿ ಹಾಕಿದವು. ಗಂಟೆ ಗೋಪುರವನ್ನು ಆಡು ತಿಂದಿತು. ಎರಡನೆಯ ಹಾರ್ಮೋನಿಯಂ ಕತ್ತೆಯ ಪಾಲಾಯಿತು. ಮಾವನವರು ಕಿಟಕಿಯ ಹತ್ತಿರ ಹಾಸಿಗೆ ಎಳೆಸಿಕೊಂಡು, ಯಾವುದಕ್ಕೆ ಏನು ಸಿಕ್ಕಿತೆಂದು ನನಗೆ ಕೂಗಿ ಹೇಳುತ್ತಿದ್ದರು. ಅಯ್ಯನವರು ಓಡಿ ಬಂದರು, ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು ಬಂದಿದ್ದರು.

"ಹಿರಿಯರ ಜೀವಮಾನದ ಸಾಕ್ಷಿ ಇದು. ದನಕ್ಕ ಕತ್ತಿಗೆ ಹಾಕೂದಂದ್ರ ಏನವ್ವಾ ತಂಗಿ?"

"ಕತ್ತಿಗೆ ಹಸಿವಿತ್ರಿ," ಎಂದೆ. "ನಿಮಗೂ ಬೇಕಾದ್ರ ಒಂದ ತೆಕ್ಕಿ ಒಯ್ರಿ."

"ಬಂಗಾರ ಬಂಗಾರ," ಎಂದು ಅವರು ಬಗ್ಗಿ ದನಗಳ ಕಾಲ ನಡುವೆ ನೋಡತೊಡಗಿದರು. ಅವಿಶ್ವಾಸ ಎಂದು ನಾನೂ ಹೇಳಲಿಲ್ಲ, ಅವರಿಗೂ ನೆನಪಾಗಲಿಲ್ಲ. ಸಂಜೆಯ ಹೊತ್ತಿಗೆ ಬಣವೆ ಇದ್ದ ಕಡೆ ಬೆಳ್ಳಗಾದ ನೆಲ ಇತ್ತು, ಎಷ್ಟೋ ವರ್ಷ ಬಿಸಿಲು ಕಾಣದ ನೆಲ. ನಾನು ಅದನ್ನು ಗುಡಿಸಿ ನೀರು ಹೊಡೆದೆ.

ಮಾರನೆಯ ಬೆಳಿಗ್ಗೆ ಕಣ್ಣು ತೆರೆಯುತ್ತಲೇ ಮಾವನವರು ಕೇಳಿದ್ದು ಒಂದೇ ಮಾತು. "ಏನರ ಬಂದೈತೇನು?"

ಹೋಗಿ ನೋಡಿ ಬಂದೆ. ಕಡ್ಡಿ ಕೂಡ ಬಂದಿರಲಿಲ್ಲ. "ಏನೂ ಇಲ್ರಿ."

"ಹಾಂ," ಎಂದು ದಿಂಬಿಗೆ ಒರಗಿದರು. "ಪಾರಾದೆ."

ಆಮೇಲೆ ಅವರು ಬದುಕಿದ್ದಷ್ಟು ದಿನ ಒಂದು ಒಳ್ಳೆಯ ಕೆಲಸವನ್ನೂ ಮಾಡಲಿಲ್ಲ. ಹಾಲು ಕುಡಿಯುತ್ತಿದ್ದರು, ಕೆನೆ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನನ್ನ ಜತೆ ಚೌಕಾಬಾರ ಆಡುತ್ತಿದ್ದರು, ಕವಡೆ ತಿರುವಿ ಮೋಸ ಮಾಡುತ್ತಿದ್ದರು, ಹಿಡಿದರೆ ಇಲ್ಲವೆಂದು ವಾದ ಮಾಡುತ್ತಿದ್ದರು. ಗಿದ್ಯೋನ ಚಿಕ್ಕವನಿದ್ದಾಗ ಭಜನೆಯ ನಡುವೆ ನಿದ್ದೆ ಹೋಗಿ ತಬಲದ ಮೇಲೆ ಬಿದ್ದದ್ದು, ಕಾರ್ಖಾನೆಯ ಎತ್ತುಗಳಿಗೆ ಹಾಡು ಹೇಳುತ್ತಿದ್ದದ್ದು, ನನ್ನನ್ನು ನೋಡಲು ಬಂದ ದಿನ ಮನೆಗೆ ಹೋಗಿ ಊಟ ಮಾಡದೆ ಮಲಗಿದ್ದು, ಎಲ್ಲ ಹೇಳಿದರು. ಕೊನೆಯದು ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಬಾಯಿ ಬಿಡದ ಆ ಮುದುಕನ ಮೇಲೆ ನನಗೆ ಮತ್ತೆ ಸಿಟ್ಟು ಬಂತು, ಆದರೂ ಕೂತು ಕೇಳಿದೆ.

ಒಂದು ಬೆಳಿಗ್ಗೆ ಹಾಲು ಕುಡಿದು ಲೋಟ ನನ್ನ ಕೈಗೆ ಕೊಟ್ಟು, ಮೀಸೆ ಒರೆಸಿಕೊಂಡು ಕಣ್ಣು ಮುಚ್ಚಿದರು. ಲೋಟ ತೊಳೆದಿಟ್ಟು ಬಂದು ನೋಡುವ ಹೊತ್ತಿಗೆ ಹೋಗಿದ್ದರು.

ಗಂಟೆ ಬಾರಿಸಿದರು. ಹೇಳಿಕಳಿಸಿದ್ದ ಊರುಗಳಿಂದೆಲ್ಲ ಜನ ಬಂದರು; ದೊಡ್ಡ ಬೆಂಕಿ ನೋಡಲು ಬಂದವರು. ಹಂದರ ಹಾಕಿದ್ದಾಗಿತ್ತು, ಜಮಖಾನ ಹಾಸಿದ್ದಾಗಿತ್ತು, ಚುರುಮುರಿ ಬುಟ್ಟಿಗಳಲ್ಲಿ ಬಂದಿತ್ತು. ನಡುವೆ ಗುಡಿಸಿದ ಬರೀ ನೆಲ. ಬಂದವರು ನೆಲ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯರೆಲ್ಲ ಮೂಲೆಯಲ್ಲಿ ಸೇರಿ ಗುಸುಗುಸು ಮಾಡಿದರು. ಆಮೇಲೆ ಎಲೀಷಪ್ಪನವರು ಒಂದು ಗಾಡಿ ಹುಲ್ಲು ಹೊಡೆದುಕೊಂಡು ಬಂದರು. ಅವರ ಸ್ವಂತ ಬಣವೆಯದು.

"ಇದೇನ್ರಿ?" ಎಂದೆ.

"ಸಭೆ ಮರ್ಯಾದಿ ತಂಗೀ. ಬರೇ ಅಂಗಳಕ್ಕ ಬೆಂಕಿ ಕರದ್ರ ನಾಕ ಮಂದಿ ಏನಂದಾರು. ಸತ್ಯಮಿತ್ರ ನನ್ನ ಕೂಡ ಜನ್ಮಪೂರ್ತಿ ಜಗಳಾಡ್ಯಾನ. ಅಂವ ಬರಿಗೈಲೆ ಹೋಗೂದು ನನಗ ನೋಡಾಕ ಆಗೂದಿಲ್ಲ. ಇಳಸ್ರೋ."

ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಕೆಟ್ಟವರನ್ನು ಬೈಯುವುದು ಸುಲಭ. ಕಸಬರಿಗೆ ತೆಗೆದುಕೊಂಡು ಗಾಡಿಯ ಮುಂದೆ ನಿಂತೆ. "ಒಂದ ಕಡ್ಡಿ ಕೆಳಗ ಬಿದ್ರ ಎತ್ತಿನ ಸಮೇತ ಓಡಸ್ತೀನಿ," ಎಂದೆ. "ಮಾವಾರು ಮಗನ ಹಂಗ ಹೋಗ್ತೀನಿ ಅಂತ ಹೇಳಿ ಹೋಗ್ಯಾರ. ಅಲ್ಲಿ ಅಪ್ಪ ಮಗ ಭೆಟ್ಟಿ ಆಗೂ ಹೊತ್ತಿನ್ಯಾಗ ನಿಮ್ಮ ಹುಲ್ಲು ನಡುವ ಬರಬ್ಯಾಡ."

"ತಂಗೀ, ನೀ ತಿಳೀದ ಮಾತಾಡಾಕತ್ತಿ," ಎಂದರು ಅಯ್ಯನವರು. "ಬೆಂಕಿ ಬಂದು ಸುಡಾಕ ಏನೂ ಸಿಗಲಿಲ್ಲಂದ್ರ ಏನಾಗ್ತೈತಿ ಅಂತ ಯಾರಿಗೂ ಗೊತ್ತಿಲ್ಲ. ಮನೀಗೆ ಹತ್ತಿದ್ರ?"

"ಹತ್ತಲಿ. ಸೋರೂ ಮನಿ."

ಗಾಡಿ ಹಿಂದಕ್ಕೆ ತಿರುಗುವ ಮೊದಲೇ ಬೆಂಕಿ ಬಂತು.

ಬೇರೆಯವರ ಅಂಗಳದಲ್ಲಿ ಅದು ಒಮ್ಮೆಲೇ ಎದ್ದು ನಿಲ್ಲುತ್ತದೆ. ಇಲ್ಲಿ ಸಣ್ಣಗೆ ಬಂತು, ಮೊಳಕಾಲೆತ್ತರ. ಬರೀ ನೆಲದ ಮೇಲೆ ಒಂದು ಸುತ್ತು ಹಾಕಿತು. ಬಣವೆ ಇದ್ದ ನಾಲ್ಕೂ ಮೂಲೆಗೆ ಹೋಗಿ ನೋಡಿತು. ಎಲೀಷಪ್ಪನವರ ಗಾಡಿಯ ಹತ್ತಿರ ಬಂದಾಗ ಎಲೀಷಪ್ಪನವರು ಕಣ್ಣು ಮುಚ್ಚಿಕೊಂಡರು. ಅದು ತನ್ನದಲ್ಲವೆಂದು ಬಿಟ್ಟು ಹೋಯಿತು. ಜಮಖಾನದ ಅಂಚಿನಲ್ಲೇ ಹಾದು, ಹೊಸ್ತಿಲು ದಾಟಿ, ಮನೆಯೊಳಗೆ ನಡೆಯಿತು. ಹೆಂಗಸರು ಎದ್ದು ನಿಂತರು. ನಾನು ಕಸಬರಿಗೆ ಬಿಟ್ಟು ಅದರ ಹಿಂದೆಯೇ ಓಡಿದೆ.

ಮಾವನವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಬೆಂಕಿ ಅವರ ಕಾಲ ಕಡೆಯಿಂದ ಹತ್ತಿತು, ಎದೆಯ ಮೇಲೆ ಹಾದು, ತಲೆಯ ಕಡೆಯಿಂದ ಇಳಿಯಿತು. ಉಟ್ಟ ಧೋತರ ಸುಡಲಿಲ್ಲ, ಮೀಸೆಯ ಒಂದು ಕೂದಲು ಸುಡಲಿಲ್ಲ, ಚಾಪೆ ಕೂಡ ಸುಡಲಿಲ್ಲ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ಅಂಗಳಕ್ಕೆ ಹೋಯಿತು. ನಾನು ಅವರ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಹೊರಗೆ ಬಂದರೆ ಬೆಂಕಿ ಅಂಗಳದ ನಡುವೆ ಕೂತಿತ್ತು. ಆರುತ್ತಿರಲಿಲ್ಲ, ಬೆಳೆಯುತ್ತಿರಲಿಲ್ಲ. ಕೆಲಸ ಕೊಡುವವರಿಗಾಗಿ ಕಾಯುವ ಕೂಲಿಯಾಳಿನ ಹಾಗೆ ಕೂತಿತ್ತು. ಪರ ಊರಿನವರು ಎಷ್ಟು ಹೊತ್ತು ನೋಡುತ್ತಾರೆ. ಒಬ್ಬರು ಚುರುಮುರಿ ಕೇಳಿದರು. ಅಯ್ಯನವರು ಕೈಯಲ್ಲಿ ಕೈ ಹಿಸುಕಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಏನ್ ಉಳೀತು ಅಂತ ಸಭೆಗೆ ಹೇಳಲೆವ್ವಾ ಈಗ ನಾ?"

ಆಗ ನನಗೆ ನೆನಪಾಯಿತು, ಮಾವನವರ ಮೈ ತೊಳೆಯುವುದು ಇನ್ನೂ ಬಾಕಿ ಇದೆ, ಬೆಳಿಗ್ಗೆಯಿಂದ ಈ ಗದ್ದಲದಲ್ಲಿ ಬಚ್ಚಲ ಒಲೆಯನ್ನೇ ಹಚ್ಚಿಲ್ಲ. ಬಚ್ಚಲಿನಿಂದ ಹಂಡೆ ಎಳೆದು ತಂದೆ. ಮೂರು ಕಲ್ಲು ಹೊಂದಿಸಿ ಬೆಂಕಿಯ ಮೇಲೆ ಇಟ್ಟೆ. ಬೆಂಕಿ ಸ್ವಲ್ಪ ಸರಿದು ಕಲ್ಲುಗಳ ನಡುವೆ ಸರಿಯಾಗಿ ಕೂತುಕೊಂಡಿತು. ಬಾವಿಯಿಂದ ನೀರು ಸೇದಿ ಸೇದಿ ಹಾಕಿದೆ. ಕೂತವರಲ್ಲಿ ಒಬ್ಬರೂ ಅಲುಗಲಿಲ್ಲ.

"ಅದು ನ್ಯಾಯತೀರ್ಪಿನ ಬೆಂಕಿ," ಎಂದರು ಅಯ್ಯನವರು.

"ಗೊತ್ತೈತ್ರಿ. ನೀರೂ ಕಾಸ್ತೈತಿ."

ನೀರು ಸದ್ದು ಮಾಡತೊಡಗಿತು. ನಾನು ಎಲೀಷಪ್ಪನವರ ಕಡೆ ತಿರುಗಿದೆ. ಗಾಡಿಯ ನೊಗ ಹಿಡಿದು ನಿಂತೇ ಇದ್ದರು ಪಾಪ, ಇಳಿಸಲೂ ಇಲ್ಲ, ಒಯ್ಯಲೂ ಇಲ್ಲ. "ಹಿರಿಯರ, ಅವರಿಗೆ ನೀರು ಹಾಕಾಕ ಮಗ ಇಲ್ಲ," ಎಂದೆ. "ನೀವು ಹಾಕ್ತೀರೇನು?"

ಅವರು ಕೋಟು ಬಿಚ್ಚಿ ನೊಗದ ಮೇಲೆ ಹಾಕಿದರು. ಅಂಗಿಯ ತೋಳು ಮೇಲಕ್ಕೆ ಸರಿಸಿದರು. ಹಂಡೆಯ ಹತ್ತಿರ ಬಂದು ಬಗ್ಗಿ, ಹೆದರುತ್ತ ಹೆದರುತ್ತ ನೀರಿನಲ್ಲಿ ಎರಡು ಬೆರಳು ಅದ್ದಿದರು. ತಂಬಿಗೆಯಿಂದ ಸ್ವಲ್ಪ ತಣ್ಣೀರು ಬೆರೆಸಿ, ಈ ಸಲ ಇಡೀ ಕೈ ಇಳಿಸಿ ತಿರುವಿ ನೋಡಿದರು.

"ಹದ ಐತಿ," ಎಂದರು. "ಒಳಗ ಒಯ್ಯೂಣು."